ಆರು ಸಾಲು ನಿಲ್

ಕದಿರಪ್ಪನ ಮನೆಯಲ್ಲಿ ಉಪ್ಪು ತೀರಿದರೆ ‘ಮುಗೀತು’ ಎಂದು ಯಾರೂ ಹೇಳುತ್ತಿರಲಿಲ್ಲ. ‘ನಿಲ್’ ಎನ್ನುತ್ತಿದ್ದರು. ಹುರುಳಿಯ ಮಡಕೆ ಬರಿದಾದರೆ ನಿಲ್, ಹಸು ಹಾಲು ಬತ್ತಿಸಿಕೊಂಡರೆ ನಿಲ್. ಹೊಸದಾಗಿ ಮನೆಗೆ ಬಂದವರು ಬೆಪ್ಪಾಗಿ ನೋಡುತ್ತಿದ್ದರು.

ಆ ಮಾತನ್ನು ಮನೆಗೆ ತಂದವನು ಕದಿರಪ್ಪನೇ. ಬಂಗಾರಪೇಟೆಯ ಹತ್ತಿರದ ನಂದಿದುರ್ಗ ಗಣಿಯಲ್ಲಿ ಚಿನ್ನದ ಪರೀಕ್ಷೆ ಮಾಡುವ ಆಫೀಸಿನಲ್ಲಿ ಅವನಿಗೆ ಇಪ್ಪತ್ತೆರಡು ವರ್ಷದ ಕೆಲಸ. ಗಣಿಯ ಒಳಗೆ ಎಲ್ಲೆಲ್ಲಿ ಅಗೆಯುತ್ತಾರೋ ಅಲ್ಲಲ್ಲಿಯ ಕಲ್ಲಿನ ಚೂರು ಬಟ್ಟೆಯ ಚೀಲಗಳಲ್ಲಿ ಸ್ಯಾಂಪಲ್ಲಾಗಿ ಬರುತ್ತಿತ್ತು. ಅದನ್ನು ಕಬ್ಬಿಣದ ಒರಳಿನಲ್ಲಿ ಗಂಧದಂತೆ ಕುಟ್ಟಿ ಕೊಡುವುದು ಅವನ ಪಾಲಿನ ಕೆಲಸ. ಕುಲುಮೆಯಲ್ಲಿ ಪರೀಕ್ಷೆ ಮುಗಿದ ಮೇಲೆ ಆಫೀಸಿನ ಬಿಳಿ ದೊರೆ ಒಂದು ಕಾಗದ ಬರೆಯುತ್ತಿದ್ದ. ಚೀಲಕ್ಕೊಂದು ಸಾಲು. ಚಿನ್ನವಿದ್ದರೆ ಅಂಕಿ, ಇಲ್ಲದಿದ್ದರೆ ‘ನಿಲ್’. ನಿಲ್ ಬಂದ ಜಾಗದಿಂದ ಆಳುಗಳನ್ನು ಎಬ್ಬಿಸಿ ಬೇರೆ ಕಡೆಗೆ ಹಾಕುತ್ತಿದ್ದರು. ಕದಿರಪ್ಪನಿಗೆ ಇಂಗ್ಲಿಷ್ ಬಾರದು. ಆದರೆ ಆ ಒಂದು ಮಾತನ್ನು ಮಾತ್ರ ಕಣ್ಣು ಹಾಯಿಸಿದೊಡನೆ ಗುರುತಿಸುತ್ತಿದ್ದ. ಓರೆಯಾಗಿ ಅಗುಳಿ ಹಾಕಿದ ಬಾಗಿಲಿನಂಥ ಒಂದು ಅಕ್ಷರ, ಅದರ ಮಗ್ಗುಲಲ್ಲಿ ಎರಡು ಕಡ್ಡಿ.

ಅವನ ತಾಯಿ ಅಕ್ಕಯ್ಯಮ್ಮನಿಗೆ ಅದು ಇಂಗ್ಲಿಷ್ ಎಂದರೆ ನಂಬಿಕೆಯೇ ಇಲ್ಲ. “ನಿಲ್ ಅಂದ್ರೆ ನಿಲ್ಲು ಅಂತ ಕಣ್ಲಾ. ಕೆಲಸ ನಿಂತೋಯ್ತು ಅಂತ ಬರೀತಾನೆ. ಬಿಳೀ ದೊರೆಗೂ ನಮ್ ಮಾತು ಬತ್ತೈತೆ, ನಿಂಗೆ ಗೊತ್ತಾಗಿಲ್ಲ ಅಷ್ಟೆ.”

ಸೊಸೆ ಆದಿಲಕ್ಷ್ಮಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅತ್ತೆಯೆದುರು ನಕ್ಕರೆ ಅದಕ್ಕೊಂದು ಬೈಗುಳ ಬೀಳುತ್ತಿತ್ತು. ಅವಳು ಆ ಮನೆಗೆ ಬಂದ ಇಪ್ಪತ್ತಮೂರು ವರ್ಷಗಳಲ್ಲಿ ಬೈಗುಳವಿಲ್ಲದ ದಿನ ಒಂದೂ ಇರಲಿಲ್ಲ. ಮುದ್ದೆ ಗಟ್ಟಿಯಾದರೆ ಬೈಗುಳ, ಮೆತ್ತಗಾದರೆ ಬೈಗುಳ. ಮಳೆ ಬಂದಂತೆ, ಬಿಸಿಲು ಕಾದಂತೆ ಅದೂ ಒಂದು ಎಂದು ಅವಳು ತಿಳಿದುಕೊಂಡಿದ್ದಳು.

ಆ ವರ್ಷ ಶ್ರಾವಣದ ಹೊತ್ತಿಗೆ ಮೈಗೆ ನೀರು ಹಾಕಿಕೊಳ್ಳುವಾಗ ಎಡಗಡೆಯ ಎದೆಯಲ್ಲಿ ಒಂದು ಗಂಟು ಅವಳ ಕೈಗೆ ಸಿಕ್ಕಿತು. ಅವರೆಕಾಳಿನಷ್ಟಿತ್ತು, ನೋವಿರಲಿಲ್ಲ. ಯಾರಿಗೆ ಹೇಳುವುದು? ಕಾರ್ತೀಕ ಬರುವ ಹೊತ್ತಿಗೆ ಅದು ನಿಂಬೆಹಣ್ಣಿನಷ್ಟಾಯಿತು. ಬಾವಿಯಲ್ಲಿ ನೀರು ಸೇದುವಾಗ ಅವಳು ಒಂದೇ ಕೈಯಲ್ಲಿ ಹಗ್ಗ ಎಳೆಯುವುದನ್ನು ಅಕ್ಕಯ್ಯಮ್ಮ ಕಂಡಳು.

“ಏನೇ ಆದಿ, ಕೈಗೆ ಏನು ಬಂತು ರೋಗ?”

“ಏನಿಲ್ಲ ಅತ್ತೆ.”

“ಏನಿಲ್ದೆ ಬಿಂದಿಗೆ ಓರೆಯಾಗಿ ಬತ್ತದಾ? ಬಾ ಇಲ್ಲಿ.” ಕೊಟ್ಟಿಗೆಗೆ ಎಳೆದುಕೊಂಡು ಹೋಗಿ, ಸೆರಗು ಸರಿಸಿ, ಒಂದು ಸಲ ಒತ್ತಿ ನೋಡಿದಳು. ಅವಳ ಸ್ವಂತ ಅಕ್ಕ ಇಂಥದೇ ಗಂಟಿಗೆ ಸೊಪ್ಪು ಅರೆದು ಕಟ್ಟಿಕೊಂಡು ಎರಡು ವರ್ಷ ನರಳಿ ಹೋಗಿದ್ದಳು. “ಮೂರು ತಿಂಗಳು ಮುಚ್ಚಿಕ್ಕೊಂಡಿದ್ದೀಯಲ್ಲೇ, ಕತ್ತೆ!” ಎಂದು ಬೈದು, ಮಗ ಕೆಲಸದಿಂದ ಬಂದೊಡನೆ ಬಾಗಿಲಲ್ಲೇ ತಡೆದಳು. “ನಾಳೆ ರಜ ಹಾಕು. ಬಂಗಾರಪೇಟೆ ಎಂಗಸರ ಆಸ್ಪತ್ರೆಗೆ ಇವಳ್ನ ಕರ್ಕೊಂಡೋಗು. ಸೊಪ್ಪುಗಿಪ್ಪು ನಾನು ಕಟ್ಟಾಕಿಲ್ಲ.”

ಆಸ್ಪತ್ರೆಯ ಡಾಕ್ಟರಮ್ಮ ತಮಿಳಿನ ಕಡೆಯವರು, ಕನ್ನಡವನ್ನು ಪುಸ್ತಕ ಓದಿದಂತೆ ಆಡುತ್ತಿದ್ದರು. ಗಂಟನ್ನೂ ಕಂಕುಳನ್ನೂ ಒತ್ತಿ ನೋಡಿ, “ಕೆಟ್ಟ ಗಂಟಮ್ಮ ಇದು. ಬಿಟ್ಟರೆ ಆಗದು, ತೆಗೆಯಬೇಕು,” ಎಂದರು. ಮೂರನೆಯ ದಿನ ಆಪರೇಷನ್ ಆಯಿತು. ಎಡಗಡೆ ಪೂರ್ತಿ ಹೋಯಿತು, ಕಂಕುಳಿನಲ್ಲಿ ಕೈಗೆ ಸಿಕ್ಕ ಸಣ್ಣ ಸಣ್ಣ ಗೆಡ್ಡೆಗಳೂ ಹೋದವು. ಅವನ್ನೆಲ್ಲ ಬೆಂಗಳೂರಿಗೆ ಕಳಿಸುತ್ತೇವೆ, ಅಲ್ಲಿ ಭೂತಗನ್ನಡಿಯಲ್ಲಿಟ್ಟು ನೋಡಿ ರಿಪೋರ್ಟು ಬರೆಯುತ್ತಾರೆ, ಅದು ಬಂದ ಮೇಲೆ ಮುಂದಿನ ಮಾತು ಎಂದು ಡಾಕ್ಟರಮ್ಮ ಹೇಳಿದರು.

ರಿಪೋರ್ಟು ಎಂದ ಕೂಡಲೇ ಕದಿರಪ್ಪನ ಕಿವಿ ನೆಟ್ಟಗಾಯಿತಂತೆ. ಆದಿಲಕ್ಷ್ಮಮ್ಮ ಆಗ ಮತ್ತಿನಲ್ಲಿದ್ದಳು. ಮುಂದಿನದನ್ನು ಅವನೇ ಅವಳ ಮಂಚದ ಪಕ್ಕ ಕೂತು ಹೆಮ್ಮೆಯಿಂದ ಹೇಳಿಕೊಂಡ. ನರ್ಸಮ್ಮ ಎರಡು ಬಾಟ್ಲಿಗಳಲ್ಲಿ ಸ್ಪಿರಿಟ್ಟು ಹಾಕಿ, ಹೊರಗಡೆ ಶಾಯಿಯಲ್ಲಿ ಹೆಸರು ಬರೆದ ಚೀಟಿ ಅಂಟಿಸುತ್ತಿದ್ದಳು. ಮಗ್ಗುಲಲ್ಲಿ ಇನ್ಯಾರೋ ಹೆಂಗಸಿನ ಬಾಟ್ಲಿಗಳೂ ಇದ್ದವು, ಎಲ್ಲ ಒಂದೇ ಪೆಟ್ಟಿಗೆಗೆ ಹೋಗುವಂಥವು.

“ನಾನು ಅಂದೆ, ‘ತಾಯೀ, ಚೀಟಿ ಒಳಗೂ ಒಂದು ಆಕ್ಬೇಕು.’ ಅವಳು ನಕ್ಕಳು ಕಣೆ. ಕಲ್ಲು ಕುಟ್ಟೋನು ಇವನಿಗೇನು ಗೊತ್ತು ಅಂತ. ನಾನು ಬಿಡ್ಲಿಲ್ಲ. ನಮ್ ಆಪೀಸಲ್ಲಿ ಚೀಲದ ಮೇಲೊಂದು ಒಳಗೊಂದು ಚೀಟಿ ಇಲ್ದಿದ್ರೆ ದೊರೆ ಆ ಸ್ಯಾಂಪಲ್ಲನ್ನೇ ಎಸೀತಾನೆ ಅಂದೆ. ಪೆನ್ಸಿಲಲ್ಲಿ ಬರೀರಿ, ಶಾಯಿ ಕಲಸೋಯ್ತದೆ ಅಂದೆ. ಡಾಕ್ಟರಮ್ಮನೇ ಈಚೆ ಬಂದು, ‘ಅವನು ಹೇಳಿದ ಹಾಗೆ ಮಾಡು’ ಅಂದ್ರು.”

“ನಂಗೆ ನೋವು ಕಣಪ್ಪ,” ಎಂದಳು ಆದಿಲಕ್ಷ್ಮಮ್ಮ. ಆದರೂ ಅವನ ಮುಖ ನೋಡಿ ನಗು ಬಂತು.

ಮನೆಗೆ ಬಂದಾಗ ಡಾಕ್ಟರಮ್ಮ ಎರಡು ಕಟ್ಟಳೆ ಹಾಕಿ ಕಳಿಸಿದ್ದರು. ವಾರಕ್ಕೊಂದು ಸಲ, ಗುರುವಾರ, ಬಂದು ಗಾಯಕ್ಕೆ ಕಟ್ಟು ಬದಲಾಯಿಸಿಕೊಳ್ಳಬೇಕು. ದಿನವೂ ಗೋಡೆಗೆ ಎದುರಾಗಿ ನಿಂತು ಎಡಗೈ ಬೆರಳುಗಳನ್ನು ಗೋಡೆಯ ಮೇಲೆ ಜೇಡದ ಹಾಗೆ ಹತ್ತಿಸಬೇಕು. ಎಷ್ಟು ಹತ್ತಿತೋ ಅಲ್ಲಿ ಗುರುತು ಹಾಕಬೇಕು. ಇಲ್ಲದಿದ್ದರೆ ತೋಳು ಮರಗಟ್ಟುತ್ತದೆ. ಆದಿಲಕ್ಷ್ಮಮ್ಮ ಅಡಿಗೆಮನೆಯ ಗೋಡೆಗೆ ನಿಂತು ಹಲ್ಲು ಕಚ್ಚಿ ಬೆರಳು ಹತ್ತಿಸಿ, ಇದ್ದಿಲಿನಲ್ಲಿ ಗೆರೆ ಎಳೆದಳು. ಮೊದಲ ದಿನ ಸೊಂಟದ ಮಟ್ಟ. ವಾರಕ್ಕೆ ಭುಜಕ್ಕಿಂತ ನಾಲ್ಕು ಬೆರಳು ಕೆಳಗೆ.

“ಸುಣ್ಣ ಬಳಿದು ಎರಡು ತಿಂಗಳಾಗಿಲ್ಲ,” ಎಂದು ಅಕ್ಕಯ್ಯಮ್ಮ ಗೊಣಗಿದಳು. “ಇದೇನು ಗೋಡೆಯೋ, ಸ್ಕೂಲು ಐಕಳ ಸ್ಲೇಟೋ?”

“ಡಾಕ್ಟರಮ್ಮ ಏಳವ್ರೆ ಅತ್ತೆ.”

“ಅವರ ಮನೆ ಗೋಡೆಗೆ ಬರ್ಕೊಳ್ಳೋಕೆ ಏಳು ಓಗು.”

ಒಲೆಯ ಮುಂದೆ ಈಗ ಅಕ್ಕಯ್ಯಮ್ಮನೇ. ಅರವತ್ತೈದರ ಮುದುಕಿ ಮುದ್ದೆ ತಿರುವುತ್ತ, ಸೊಸೆಯನ್ನು ಬೈಯುತ್ತ, ಹಸುವನ್ನು ಬೈಯುತ್ತ ಮನೆಯನ್ನು ನಡೆಸಿದಳು. ಬೈಗುಳ ಕೇಳುತ್ತ ಮಲಗಿದ್ದ ಆದಿಲಕ್ಷ್ಮಮ್ಮನಿಗೆ ಎಲ್ಲ ಸರಿಯಾಗುತ್ತದೆ ಎಂದೇ ಅನಿಸುತ್ತಿತ್ತು.

ಮೂರನೆಯ ವಾರದ ಸೋಮವಾರ ಕದಿರಪ್ಪ ಮುಲಾಮು ತರಲು ಒಬ್ಬನೇ ಬಂಗಾರಪೇಟೆಗೆ ಹೋಗಿ ಬಂದ. ಬಂದವನು ಮುಲಾಮನ್ನು ಗೂಡಿನಲ್ಲಿಟ್ಟು, ಮುಖ ತೊಳೆಯದೆ ಜಗುಲಿಯ ಮೇಲೆ ಕೂತ.

“ರಿಪೋರ್ಟು ಬಂತಾ?” ಎಂದು ಅವಳು ಒಳಗಿನಿಂದಲೇ ಕೇಳಿದಳು.

“ಡಾಕ್ಟರಮ್ಮ ಮದ್ರಾಸಿಗೆ ಓಗವ್ರೆ. ಮುಂದಿನ ವಾರ ಬತ್ತಾರೆ,” ಎಂದ. ಕೇಳಿದ್ದಕ್ಕೆ ಅದು ಉತ್ತರವಲ್ಲ. ಆದರೆ ಅವಳು ಮತ್ತೆ ಕೇಳಲಿಲ್ಲ.

ಆ ದಿನದ ಊಟದಲ್ಲೇ ಮೊದಲನೆಯ ಬದಲಾವಣೆ ಕಂಡಿತು. ಅಕ್ಕಯ್ಯಮ್ಮ ತುಪ್ಪದ ಗಿಂಡಿಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿದಳು. ಹಬ್ಬಕ್ಕಲ್ಲದೆ ಆ ಬಟ್ಟೆ ಬಿಚ್ಚಿದ್ದನ್ನು ಆದಿಲಕ್ಷ್ಮಮ್ಮ ಕಂಡವಳಲ್ಲ. ಬಿಸಿ ಮುದ್ದೆಯ ನೆತ್ತಿಯಲ್ಲಿ ಗುಳಿ ಮಾಡಿ ಒಂದು ಸೌಟು ಸುರಿದಳು.

“ಅತ್ತೆ, ಇಷ್ಟ್ಯಾಕೆ?”

“ತಿನ್ನಮ್ಮ.”

ತಿನ್ನಮ್ಮ! ಆದಿಲಕ್ಷ್ಮಮ್ಮ ತುತ್ತು ಕೈಯಲ್ಲೇ ಹಿಡಿದು ಕೂತಳು. ಇಪ್ಪತ್ತಮೂರು ವರ್ಷಕ್ಕೆ ಅತ್ತೆ ಅವಳನ್ನು ಅಮ್ಮ ಎಂದದ್ದು ಅದೇ ಮೊದಲು.

ಮರುದಿನ ಕದಿರಪ್ಪ ರಾಬರ್ಟ್‌ಸನ್‌ಪೇಟೆಯಿಂದ ಮೈಸೂರುಪಾಕು ತಂದ. ಅದರ ಮಾರನೆಯ ದಿನ, ಮದುವೆಯಾಗಿ ಹೋಗಿದ್ದ ಮಗಳು ಮುನಿರತ್ನಮ್ಮ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಹೇಳಿ ಕಳಿಸದೆ ಬರುವ ಹುಡುಗಿಯಲ್ಲ. “ಸುಮ್ನೆ ಬಂದೆ ಕಣಮ್ಮ, ನೋಡ್ಕೊಂಡೋಗಾನ ಅಂತ,” ಎಂದಳು. ಆಮೇಲೆ ಹಸುವಿಗೆ ಹುಲ್ಲು ಹಾಕುತ್ತೇನೆಂದು ಹೋದವಳು ಕೊಟ್ಟಿಗೆಯಲ್ಲಿ ಮೂಗು ಸೀನುವುದು ಅಡಿಗೆಮನೆಗೆ ಕೇಳುತ್ತಿತ್ತು.

ಗುರುವಾರ ಬಂತು. ಆದಿಲಕ್ಷ್ಮಮ್ಮ ತಲೆ ಬಾಚಿ, ಒಗೆದ ಸೀರೆ ಉಟ್ಟು ಕೂತಳು. ಕದಿರಪ್ಪ ಬುತ್ತಿ ತೆಗೆದುಕೊಂಡು ಕೆಲಸಕ್ಕೆ ಹೊರಟ.

“ಕಟ್ಟು ಬದಲಾಯಿಸಬೇಕಲ್ಲ?”

“ಇನ್ಯಾಕೆ ಸುಮ್ನೆ ನಿಂಗೆ ರೈಲಿನ ಅಲ್ಲಾಟ,” ಎಂದ, ಅವಳ ಮುಖ ನೋಡದೆ. “ಮನೇಲೇ ಇರು. ಸುಧಾರಿಸ್ಕೋ.”

ಅವಳು ಗೋಡೆಯ ಕಡೆಗೆ ತಿರುಗಿದಳು. ಗೆರೆಯನ್ನಾದರೂ ಎಳೆಯೋಣ ಎಂದು. ಗೋಡೆ ಬೆಳ್ಳಗಿತ್ತು. ಅಕ್ಕಯ್ಯಮ್ಮ ಸುಣ್ಣ ಬಳಿದಿದ್ದಳು. ಬೈಯದೆ, ಗೊಣಗದೆ, ಒಂದು ಮಾತೂ ಹೇಳದೆ ಬಳಿದಿದ್ದಳು. “ಕೈ ನೋಯಿಸ್ಕೋಬೇಡ ಮಗ,” ಎಂದು ಅವಳ ತಲೆ ಸವರಿದಳು.

ಹತ್ತು ದಿನ ಹಾಗೆ ನಡೆಯಿತು. ಗಾಯದ ಒಂದು ಮೂಲೆ ಕೆಂಪಾಗಿ ಒಸರತೊಡಗಿತು. ತೋಳು ಒಣಗಿದ ತೊಗಲಿನಂತೆ ಬಿಗಿಯಿತು. ಜಡೆ ಹಾಕಿಕೊಳ್ಳಲು ಮಗಳು ಬೇಕಾಯಿತು. ಆದರೆ ಅವಳನ್ನು ಕಾಡಿದ್ದು ಅದಲ್ಲ. ಸಾರು ಉಪ್ಪಾಗಿದೆ ಎಂದು ಬೇಕೆಂದೇ ಹೇಳಿ ನೋಡಿದಳು. ಅತ್ತೆ ಬೈಯಲಿಲ್ಲ, ಬೇರೆ ಸಾರು ಮಾಡಿ ತಂದಳು. ಬಿಂದಿಗೆಯನ್ನು ಉರುಳಿಸಿ ನೋಡಿದಳು. “ಓಗ್ಲಿ ಬಿಡು,” ಎಂದಳು ಅತ್ತೆ.

ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದರು. ಹಿದುಕಿದವರೆಯ ಸಾರು, ಮುದ್ದೆ, ಬದನೆಕಾಯಿ ಗೊಜ್ಜು. ಅಕ್ಕಯ್ಯಮ್ಮ ಗಿಂಡಿ ಬಗ್ಗಿಸಿದಾಗ ಆದಿಲಕ್ಷ್ಮಮ್ಮ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು.

“ಇವತ್ತು ಈ ಮನೇಲಿ ಯಾರ ತಿಥಿ?”

ಕದಿರಪ್ಪನ ತುತ್ತು ನಿಂತಿತು.

“ಏನಮ್ಮ ಅಂಗಂತೀಯ?” ಎಂದಳು ಮುನಿರತ್ನಮ್ಮ.

“ತುಪ್ಪ, ಮೈಸೂರುಪಾಕು, ನೀನು ಬಂದು ಕೂತಿರೋದು, ಅತ್ತೆ ನನ್ ತಲೆ ಸವರೋದು. ನಾನೇನು ಕೂಸಾ ತಿಳೀದಿರೋಕೆ? ರಿಪೋರ್ಟು ಬಂದೈತೆ. ಎಲ್ಲೈತೆ ತಗೀರಿ.”

ಅವಳು ತಟ್ಟೆಯನ್ನು ಮುಂದಕ್ಕೆ ನೂಕಿದಳು. “ಅದು ಬರೋವರ್ಗೂ ನಾನು ತುತ್ತು ಎತ್ತಾಕಿಲ್ಲ.”

ಕದಿರಪ್ಪ ಎಡಗೈಯಿಂದ ಪೇಟದ ಮಡಿಕೆಯೊಳಗಿನ ಕಾಗದ ತೆಗೆದ. ಡಾಕ್ಟರಮ್ಮ ಊರಲ್ಲಿರಲಿಲ್ಲ, ಬೆಂಗಳೂರಿನಿಂದ ಬಂದ ಕಾಗದವನ್ನು ನರ್ಸಮ್ಮ ಅವನ ಕೈಗೇ ಕೊಟ್ಟು, ಜೋಪಾನವಾಗಿಟ್ಟುಕೊಂಡು ಕಟ್ಟಿನ ದಿನ ಹೆಂಡತಿಯ ಜೊತೆ ತಾ ಎಂದಿದ್ದಳು. ಮೇಲುಗಡೆ ಇಂಗ್ಲಿಷಿನಲ್ಲಿ ನಾಲ್ಕಾರು ಸಾಲು ಬರಹ. ಅದರ ಕೆಳಗೆ ಒಂದರಿಂದ ಆರರವರೆಗೆ ಅಂಕಿ, ಪ್ರತಿ ಅಂಕಿಯ ಎದುರಿಗೂ ಅಗುಳಿ ಹಾಕಿದ ಬಾಗಿಲು, ಎರಡು ಕಡ್ಡಿ.

“ನೋಡು,” ಎಂದ. “ನಮ್ ಆಪೀಸಿನ ಕಾಗದದ ತರಾನೇ. ಆರು ಸಾಲು. ಆರಕ್ಕೆ ಆರೂ ನಿಲ್. ಅದಕ್ಕೇ… ಇನ್ನು ಸುಮ್ನೆ ನಿನ್ನ ಯಾಕೆ ಗೋಳಾಡಿಸ್ಬೇಕು ಅಂತ.”

ಅಕ್ಕಯ್ಯಮ್ಮ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. “ನಿಂತೋಯ್ತು ಅಂತ ಬರೆದವ್ರೆ, ಪಾಪಿಗಳು.”

ಆದಿಲಕ್ಷ್ಮಮ್ಮ ಕಾಗದವನ್ನು ಕೈಗೆ ತೆಗೆದುಕೊಂಡಳು. ಆರನ್ನೂ ಬೆರಳಿಟ್ಟು ಎಣಿಸಿದಳು. ಅಳು ಬರುತ್ತದೆ ಎಂದುಕೊಂಡಳು, ಬರಲಿಲ್ಲ. ಬಂದದ್ದು ಸಿಟ್ಟು.

“ಇದನ್ನ ಇಂಗ್ಲಿಷ್ ಬಲ್ಲೋರಿಗೆ ತೋರ್ಸಿದ್ಯಾ?”

“ಯಾರಿಗೇ ತೋರ್ಸಲಿ? ಆಪೀಸು ಗುಮಾಸ್ತನಿಗಾ? ನನ್ ಎಂಡ್ತಿ ಎದೆ ಇಸ್ಯ ಇದು, ಓದಪ್ಪ ಅಂತ ಕೊಡ್ಲಾ?”

“ಡಾಕ್ಟರಮ್ಮನಿಗೆ?”

“ನಿಲ್ ಅಂತ ನಂಗೇ ಓದಾಕೆ ಬತ್ತದಲ್ಲ, ಅವರೇನು ಬೇರೆ ಓದ್ತಾರೆ?”

“ಇಪ್ಪತ್ತೆರಡು ವರ್ಷದಿಂದ ನಿನ್ ಕಲ್ಲಿನ ಕತೆ ಕೇಳಿವ್ನಿ,” ಎಂದಳು. “ನಿಲ್ ಬಂದ್ರೆ ದೊರೆ ಒಂದೇ ಸಲಕ್ಕೆ ನಂಬಾಕಿಲ್ಲ, ಇನ್ನೊಂದು ಸ್ಯಾಂಪಲ್ಲು ತರ್ಸಿ ತಿರುಗ ಕುಟ್ಟಿಸ್ತಾನೆ ಅಂತ ನೀನೇ ಏಳ್ತಿದ್ದೆ. ಏಳ್ತಿದ್ಯಾ ಇಲ್ವಾ?”

“ಏಳ್ತಿದ್ದೆ.”

“ಕಲ್ಲಿಗೆ ಎರಡು ಸಲ. ನಂಗೆ ಒಂದೇ ಸಲಾನಾ?”

ಮುನಿರತ್ನಮ್ಮ ಅಳುತ್ತಲೇ ಹೇಳಿದಳು, “ಅಮ್ಮ ಏಳೋದು ಸರಿ ಅಪ್ಪಯ್ಯ.” ಅಕ್ಕಯ್ಯಮ್ಮ ಮಾತ್ರ ಎದ್ದು ಹೋಗಿ ಮೂಲೆಯಲ್ಲಿದ್ದ ಚೀಲ ಕೊಡವಿದಳು. “ನಾಳೆ ಮೊದಲ್ನೇ ಗಾಡಿಗೆ ಓಗಾನ. ನಾನೂ ಬತ್ತೀನಿ. ಆ ಡಾಕ್ಟರಮ್ಮನ್ನ ನಾನೇ ಕೇಳ್ತೀನಿ.”

ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿದ ಮೂವರೂ ಬಂಗಾರಪೇಟೆಯಲ್ಲಿಳಿದು ನೆಟ್ಟಗೆ ಆಸ್ಪತ್ರೆಗೆ ನಡೆದರು. ಮದ್ರಾಸಿನಿಂದ ಬಂದಿದ್ದ ಡಾಕ್ಟರಮ್ಮ ಕಟ್ಟು ಬಿಚ್ಚಿದೊಡನೆ ಸಿಡಿದರು. “ಎರಡು ವಾರ ಎಲ್ಲಿ ಹೋಗಿದ್ದಿರಿ? ಕೀವು ಕೂತಿದೆ. ಕೈ ಎತ್ತು ನೋಡೋಣ. ಇಷ್ಟೇನಾ? ಹೋದ ಸಲ ಭುಜದ ತನಕ ಬಂದಿತ್ತಲ್ಲಮ್ಮ!”

ಕದಿರಪ್ಪ ಕಾಗದವನ್ನು ಮೇಜಿನ ಮೇಲಿಟ್ಟ. “ಇದು ಬಂತು ತಾಯಿ. ಅದಕ್ಕೇ ಬರ್ಲಿಲ್ಲ.”

ಡಾಕ್ಟರಮ್ಮ ಓದಿದರು. ಆಮೇಲೆ ಅವನ ಮುಖ ನೋಡಿದರು. “ಇದು ಬಂದಿದ್ದಕ್ಕೆ ನೀನು ಊರಿಗೆಲ್ಲ ಸಕ್ಕರೆ ಹಂಚಬೇಕಿತ್ತು. ಬರಲಿಲ್ಲ ಅಂದರೆ ಏನರ್ಥ?”

“ಆರಕ್ಕೆ ಆರೂ ನಿಲ್ ತಾಯಿ.”

“ಹೌದು. ಅದಕ್ಕೇ ಹೇಳಿದ್ದು.”

ಒಬ್ಬರ ಮಾತು ಒಬ್ಬರಿಗೆ ಹತ್ತಲಿಲ್ಲ. ಡಾಕ್ಟರಮ್ಮ ಕಾಗದವನ್ನು ಅವನ ಕಡೆಗೆ ತಿರುಗಿಸಿ, ಪೆನ್ಸಿಲಿನಿಂದ ಮೇಲುಗಡೆಯ ಬರಹ ತೋರಿಸಿದರು. “ಇದು ಎದೆಯ ಗಂಟು. ಕೆಟ್ಟದ್ದೇ, ಸುಳ್ಳು ಹೇಳುವುದಿಲ್ಲ. ಆದರೆ ಅಂಚಿನ ತನಕ ಪೂರ್ತಿ ತೆಗೆದಿದ್ದೇವೆ. ಕೆಳಗಿನ ಆರು, ಕಂಕುಳಿನ ಆರು ಗೆಡ್ಡೆ. ಆ ರೋಗ ಹಬ್ಬುವುದಾದರೆ ಮೊದಲು ಅಲ್ಲಿಗೇ ಹೋಗುವುದು. ಅಲ್ಲಿದೆಯಾ ಅಂತ ಹುಡುಕಿದ್ದಾರೆ.”

ಆದಿಲಕ್ಷ್ಮಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನ ತುಟಿ ಅಲುಗಿತು. ಏನೋ ಲೆಕ್ಕ ಹಾಕುತ್ತಿದ್ದ.

“ಅಂದ್ರೆ,” ಎಂದ ನಿಧಾನವಾಗಿ, “ಚಿನ್ನದ ಪಟ್ಟೆ ಪಕ್ಕಕ್ಕೆ ಹರಿದೈತಾ ಅಂತ ಅಕ್ಕಪಕ್ಕದ ಬಂಡೇಲೂ ಸ್ಯಾಂಪಲ್ಲು ತೆಗೀತೀವಿ. ಅಲ್ಲಿ ನಿಲ್ ಬಂದ್ರೆ…”

“ಬಂದರೆ?”

“ಪಟ್ಟೆ ಅಷ್ಟಕ್ಕೇ. ಪಕ್ಕಕ್ಕೆ ಓಗಿಲ್ಲ ಅಂತ.”

“ಅದೇ. ಗಣಿಯವರು ಅದಕ್ಕೆ ಅಳುತ್ತಾರೆ, ನಾವು ನಗುತ್ತೇವೆ. ಹಬ್ಬಿದ್ದರೆ ಇವಳನ್ನು ಮದ್ರಾಸಿಗೆ ಕಳಿಸಿ ತಿಂಗಳುಗಟ್ಟಲೆ ರೋಗ ಸುಡುವ ಕರೆಂಟು ಹಿಡಿಸಬೇಕಿತ್ತು. ಈಗ ಬೇಕಾಗಿಲ್ಲ. ನಾಳೆ ಏನೋ ನಾನು ದೇವರಲ್ಲ. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಆದರೆ ಇದಕ್ಕಿಂತ ಒಳ್ಳೆಯ ಕಾಗದ ನನ್ನ ಕೈಗೆ ಈ ವರ್ಷ ಬಂದಿಲ್ಲ.”

ಕದಿರಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಕೂತವನು ತಟ್ಟನೆ ತಲೆಯೆತ್ತಿ ಕೇಳಿದ, “ಚೀಟಿ ಸರಿಯಾಗಿತ್ತಾ ತಾಯಿ? ಇನ್ಯಾರದೋ ಇವಳ ಎಸರಿಗೆ ಬಂದಿಲ್ಲ ತಾನೆ?”

ಡಾಕ್ಟರಮ್ಮ ಕಾಗದದ ಕೊನೆಯಲ್ಲಿದ್ದ ಸಣ್ಣ ಬರಹ ಓದಿದರು. ದಾರಿಯಲ್ಲಿ ಒಂದು ಬಾಟ್ಲಿಯ ಬಿರಡೆ ಸಡಿಲವಾಗಿ ಸ್ಪಿರಿಟ್ಟು ಸೋರಿ, ಪೆಟ್ಟಿಗೆಯಲ್ಲಿದ್ದ ಹೊರಗಿನ ಚೀಟಿಗಳ ಶಾಯಿಯೆಲ್ಲ ಕಲಸಿಹೋಗಿತ್ತು. ಒಳಗಿನ ಪೆನ್ಸಿಲ್ ಚೀಟಿಯಿಂದ ಹೆಸರು ಹಿಡಿದೆವು ಎಂದು ಬೆಂಗಳೂರಿನವರು ಬರೆದಿದ್ದರು. “ಇನ್ನೊಬ್ಬಳದು ಯಾವುದೆಂದು ಗೊತ್ತಾದದ್ದೂ ನಿನ್ನ ಹೆಂಡತಿಯ ಬಾಟ್ಲಿ ಇದು ಎಂದು ತಿಳಿದದ್ದರಿಂದಲೇ. ಇನ್ನು ಮೇಲೆ ಈ ಆಸ್ಪತ್ರೆಯಲ್ಲಿ ಎಲ್ಲರ ಬಾಟ್ಲಿಯೊಳಗೂ ಚೀಟಿ ಹಾಕುತ್ತೇವೆ, ಕದಿರಪ್ಪ. ಆದರೆ ಕಾಗದ ಓದುವುದನ್ನು ಮಾತ್ರ ನನಗೆ ಬಿಡು.”

ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದ ಅಕ್ಕಯ್ಯಮ್ಮ ಮುಂದೆ ಬಂದಳು. “ಅಂದ್ರೆ ರೋಗ ಅಲ್ಲೇ ನಿಂತೋಗೈತೆ?”

“ನಿಂತಿದೆಯಮ್ಮ.”

“ನಿಲ್ ಅಂದ್ರೆ ನಿಂತೋಯ್ತು ಅಂತ ನಾನು ಇಪ್ಪತ್ತು ವರ್ಷದಿಂದ ಬಡ್ಕೊತೀನಿ, ಈ ಮುಂಡೇಮಕ್ಕಳು ನಗ್ತಾರೆ!” ಎಂದು ಮಗನ ತಲೆಯ ಮೇಲೆ ಒಂದು ಬಿಟ್ಟಳು. ಸೊಸೆಯ ಕಡೆ ತಿರುಗಿದಳು. “ನೀನೇನು ಅಲ್ಲು ಕಿರೀತೀಯ? ಎದ್ದೇಳು. ಅಸು ಕರು ಎಲ್ಲ ನಿನ್ ಮಗಳ ಮೇಲೆ ಬಿಟ್ಟು ಬಂದೀವಿ. ಗಾಡಿ ತಪ್ಪಿದ್ರೆ ನಿಮ್ಮಪ್ಪ ಒತ್ಕೊಂಡೋಗ್ತಾನಾ?”

ಆದಿಲಕ್ಷ್ಮಮ್ಮನಿಗೆ ಆಗ ಅಳು ಬಂತು.

ಮನೆಗೆ ಬಂದ ಮೇಲೆ ಅಕ್ಕಯ್ಯಮ್ಮ ತುಪ್ಪದ ಗಿಂಡಿಗೆ ಮೊದಲಿನಂತೆ ಬಟ್ಟೆ ಬಿಗಿದಳು. ಅಡಿಗೆಮನೆಯ ಗೋಡೆಯಲ್ಲಿ ಆಳೆತ್ತರಕ್ಕಿಂತ ಮೇಲೆ ಒಂದು ಹಲಗೆ ಇತ್ತು. ಮಗನ ಕೈಯಲ್ಲಿ ಗಿಂಡಿಯನ್ನು ಆ ಹಲಗೆಯ ಮೇಲಿಡಿಸಿದಳು. “ಬಲಗೈ ಆಕಿದ್ರೆ ಕೈ ಮುರೀತೀನಿ. ಎಡಗೈಗೆ ಎಟುಕಿದ ದಿನ ತುಪ್ಪ ತಿನ್ನು. ಅಲ್ಲೀವರ್ಗೂ ಬರೀ ಮುದ್ದೆ.” ಇದ್ದಿಲ ಚೂರನ್ನೂ ಅವಳೇ ಹಿಡಿದಳು. ದಿನವೂ ಬೆಳಿಗ್ಗೆ ಹಸುವಿನ ಕೆಲಸ ಮುಗಿಸಿ ಬಂದು, “ಇನ್ನೊಂದು ಬೆರಳು! ಏನು, ಸತ್ತೋಗ್ತೀಯಾ?” ಎಂದು ಗದರಿಸಿ, ಸುಣ್ಣದ ಗೋಡೆಯ ಮೇಲೆ ತಾನೇ ಗೆರೆ ಎಳೆದಳು. ಗುರುವಾರದ ಕಟ್ಟು ಒಂದೂ ತಪ್ಪಲಿಲ್ಲ. ಕೀವು ಒಣಗಿತು. ಗೆರೆ ಭುಜ ದಾಟಿತು, ಕಿವಿ ದಾಟಿತು.

ಯುಗಾದಿಗೆ ಮೂರು ದಿನವಿರುವಾಗ ಬೆರಳ ತುದಿ ಹಲಗೆಗೆ ತಗುಲಿತು. ಆದಿಲಕ್ಷ್ಮಮ್ಮ ಉಸಿರು ಬಿಗಿಹಿಡಿದು, ತುದಿಗಾಲಲ್ಲಿ ನಿಂತು, ಗಿಂಡಿಯ ಕುತ್ತಿಗೆಯನ್ನು ಎಡಗೈಯಲ್ಲೇ ಹಿಡಿದು ಕೆಳಗಿಳಿಸಿದಳು. ಗಿಂಡಿ ಹಗುರವಾಗಿತ್ತು. ಬಟ್ಟೆ ಬಿಚ್ಚಿದಳು. ಒಳಗೆ ತಳ ಹೊಳೆಯುತ್ತಿತ್ತು. ಮುನಿರತ್ನಮ್ಮ ಊರಿಗೆ ಹೊರಡುವಾಗ ಅಜ್ಜಿ ಅವಳ ಕೂಸಿಗೆಂದು ಏನೋ ಕಟ್ಟಿಕೊಟ್ಟದ್ದು ಆಗ ನೆನಪಾಯಿತು.

“ಅತ್ತೇ! ತುಪ್ಪ ನಿಲ್!”

ಕೊಟ್ಟಿಗೆಯಿಂದ ಅಕ್ಕಯ್ಯಮ್ಮ ಕೂಗಿದಳು. “ನಿಲ್ ಬಂದ್ರೆ ಒಳ್ಳೇದು ಅಂತ ನಿಮ್ ಡಾಕ್ಟರಮ್ಮನೇ ಏಳಿಲ್ವಾ? ಸುಮ್ನೆ ಉಣ್ಣೇ ಕತ್ತೆ!”